ಸರಾಸರಿಗೆ ಕಾಣದ ದಣಿವು: ಪಾರ್ಸೆಲ್ ಚಾಲಕರ ಓವರ್‌ಟೈಮ್ ಲೆಕ್ಕದಿಂದ ಒಂದು ಸಂಖ್ಯಾಶಾಸ್ತ್ರ ಪಾಠ

ಪೀಠಿಕೆ

ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಸರಾಸರಿ, ಮಧ್ಯಾಂಕ, ಬಹುಲಕ ಈ ಮೂರನ್ನೂ ಲೆಕ್ಕ ಹಾಕಲು ಮಕ್ಕಳಿಗೆ ಬರುತ್ತದೆ. ಯಾವುದನ್ನು ಯಾವಾಗ ಬಳಸಬೇಕು ಎಂದು ಕೇಳಿದರೆ ಮಾತ್ರ "ಪ್ರಶ್ನೆಯಲ್ಲಿ ಯಾವುದು ಕೇಳಿದ್ದಾರೋ ಅದು" ಎಂಬ ಉತ್ತರ ಬರುತ್ತದೆ. ಮಕ್ಕಳ ಮಟ್ಟಿಗೆ ಅವು ಮೂರು ಸೂತ್ರಗಳು. ಒಂದೇ ದತ್ತಾಂಶಕ್ಕೆ ನಾವು ಹಾಕಬಹುದಾದ ಮೂರು ಬೇರೆ ಬೇರೆ ಪ್ರಶ್ನೆಗಳು ಅವು ಎಂಬ ಅರಿವು ಮೂಡಿಸಬೇಕಾದರೆ, ಯಾವ ಅಳತೆಯನ್ನು ಆರಿಸಿಕೊಂಡೆವು ಎನ್ನುವುದರಿಂದ ಯಾರಿಗೋ ನಿಜವಾಗಿ ಲಾಭವೋ ನಷ್ಟವೋ ಆಗುವ ಸಂದರ್ಭ ಬೇಕು. ಬೋಧನಾ ಅಭ್ಯಾಸದ ಅವಧಿಯಲ್ಲಿ ನಾನು ಅಂಥ ಒಂದು ಸಂದರ್ಭವನ್ನು ಇಟ್ಟುಕೊಂಡು ಎರಡು ಅವಧಿಗಳ ಪಾಠ ಮಾಡಿದೆ. ಅಮೆರಿಕದ ಪಾರ್ಸೆಲ್ ಚಾಲಕರು ಮಿತಿಮೀರಿದ ಓವರ್‌ಟೈಮ್ ವಿರುದ್ಧ ತಮ್ಮ ಸಂಘದ ಮೂಲಕ ಸಲ್ಲಿಸುವ ದೂರಿನ ನಿಯಮವೇ ಈ ಪಾಠದ ಸಾಮಗ್ರಿ.

ದೂರದ ದೇಶದ ಉದಾಹರಣೆ ಏಕೆ ಎಂದು ಪಾಠ ಯೋಜನೆ ನೋಡಿದ ಸಹ ಪ್ರಶಿಕ್ಷಣಾರ್ಥಿಗಳು ಕೇಳಿದರು. ನನ್ನ ಶಾಲೆ ಬೆಂಗಳೂರಿನ ಹೊರವಲಯದ ಒಂದು ಸರ್ಕಾರಿ ಪ್ರೌಢಶಾಲೆ. ಸುತ್ತ ಗೋದಾಮುಗಳಿವೆ. ಮಕ್ಕಳ ಅಣ್ಣಂದಿರು, ಮಾವಂದಿರು ಬೈಕಿನಲ್ಲಿ, ಟೆಂಪೋದಲ್ಲಿ ಪಾರ್ಸೆಲ್ ಹಂಚುತ್ತಾರೆ. ವಿಷಯ ಅವರಿಗೆ ಹೊಸದಲ್ಲ. ಆದರೆ ಇಲ್ಲಿ ಹೆಚ್ಚಿನವರಿಗೆ ಕೂಲಿ ಗಂಟೆಯ ಲೆಕ್ಕದಲ್ಲಿಲ್ಲ, ಆರ್ಡರ್ ಲೆಕ್ಕದಲ್ಲಿದೆ. ಅಮೆರಿಕದ ಆ ಒಪ್ಪಂದದಲ್ಲಿ ಮಾತ್ರ ಗಂಟೆ, ದಿನ, ಎಷ್ಟು ಸಲ ಎಂಬ ಮೂರೂ ಸಂಖ್ಯೆಯಾಗಿ ಬರೆದಿಟ್ಟಿವೆ. ಕರಿಹಲಗೆಯ ಮೇಲೆ ಹಾಕಿ ಬಿಡಿಸಬಹುದಾದ ನಿಯಮ ಅದು.

ಪಾಠದ ಚೌಕಟ್ಟು

ತರಗತಿ: 9. ವಿಷಯ: ಗಣಿತ. ಘಟಕ: ಸಂಖ್ಯಾಶಾಸ್ತ್ರ. ಅವಧಿ: 40 ನಿಮಿಷಗಳ ಎರಡು ಅವಧಿಗಳು. ಪೂರ್ವಜ್ಞಾನ: ದಶಮಾಂಶ ಸಂಖ್ಯೆಗಳ ಸಂಕಲನ, ಏರಿಕೆ ಕ್ರಮ, ಸರಾಸರಿ ಮತ್ತು ಮಧ್ಯಾಂಕದ ವ್ಯಾಖ್ಯೆ. ಕಲಿಕೋಪಕರಣ: ನಾಲ್ಕು ಸಾಲುಗಳ ಒಂದು ಕೋಷ್ಟಕ, ಪ್ರತಿ ಗುಂಪಿಗೆ ಇಪ್ಪತ್ತು ಅಂಕಿ ಚೀಟಿಗಳು.

ಕಲಿಕಾ ಫಲಗಳು: ಮೊದಲನೆಯದು, ಒಂದೇ ಸರಾಸರಿ ಇರುವ ದತ್ತಾಂಶಗಳು ಒಂದರಿಂದೊಂದು ಎಷ್ಟು ಬೇರೆಯಾಗಿರಬಹುದು ಎಂಬುದನ್ನು ವಿದ್ಯಾರ್ಥಿ ತೋರಿಸುವರು. ಎರಡನೆಯದು, ಬೆಸ ಸಂಖ್ಯೆಯ ದತ್ತಾಂಶದಲ್ಲಿ "ಅರ್ಧಕ್ಕಿಂತ ಹೆಚ್ಚು ಬೆಲೆಗಳು ಒಂದು ಮಿತಿಯನ್ನು ಮೀರಿವೆ" ಎನ್ನುವುದೂ "ಮಧ್ಯಾಂಕವು ಆ ಮಿತಿಯನ್ನು ಮೀರಿದೆ" ಎನ್ನುವುದೂ ಒಂದೇ ಎಂದು ಕಾರಣಸಹಿತ ವಿವರಿಸುವರು. ಮೂರನೆಯದು, ಒಂದು ಅಳತೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ತಮ್ಮ ಮಾತಿನಲ್ಲಿ ಬರೆಯುವರು.

ಶಿಕ್ಷಕರು ತಿಳಿದಿರಬೇಕಾದ ಹಿನ್ನೆಲೆ

ಯುಪಿಎಸ್ 1907ರಲ್ಲಿ ಸಿಯಾಟಲ್ ನಗರದಲ್ಲಿ ಸಂದೇಶ ತಲುಪಿಸುವ ಸಣ್ಣ ಸಂಸ್ಥೆಯಾಗಿ ಆರಂಭವಾಯಿತು. ಇಂದು ಅದು ಜಗತ್ತಿನ ದೊಡ್ಡ ಪಾರ್ಸೆಲ್ ಕಂಪನಿಗಳಲ್ಲಿ ಒಂದು. ಅಮೆರಿಕದಲ್ಲಿ ಅದರ ಚಾಲಕರೂ ಗೋದಾಮಿನ ಕೆಲಸಗಾರರೂ ಟೀಮ್‌ಸ್ಟರ್ಸ್ ಎಂಬ ಕಾರ್ಮಿಕ ಸಂಘದ ಸದಸ್ಯರು. ಸಂಘ ಹುಟ್ಟಿದ್ದು 1903ರಲ್ಲಿ. ಬಂಡಿಗೆ ಕಟ್ಟಿದ ಕುದುರೆಗಳ ಜೋಡಿಯನ್ನು ಓಡಿಸುವವರಿಗಿದ್ದ ಹೆಸರೇ ಸಂಘದ ಹೆಸರಾಯಿತು. ಕಂಪನಿ ಮತ್ತು ಸಂಘದ ನಡುವೆ ಇಡೀ ದೇಶಕ್ಕೆ ಅನ್ವಯಿಸುವ ಒಂದು ಒಪ್ಪಂದವಿದೆ. 2023ರ ಒಪ್ಪಂದ ಸುಮಾರು 3,40,000 ನೌಕರರಿಗೆ ಅನ್ವಯಿಸುತ್ತದೆ.

ಓವರ್‌ಟೈಮ್ ಬಗ್ಗೆ ಅಲ್ಲಿನ ಕಾನೂನು ಹೇಳುವುದು ಕಡಿಮೆ. 1938ರ ಕೇಂದ್ರ ಕಾಯ್ದೆಯ ಪ್ರಕಾರ ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಆದರೆ ವಯಸ್ಕರು ವಾರಕ್ಕೆ ಇಷ್ಟೇ ಗಂಟೆ ದುಡಿಯಬೇಕು ಎಂಬ ಗರಿಷ್ಠ ಮಿತಿ ಅದರಲ್ಲಿಲ್ಲ. ರಸ್ತೆ ಸುರಕ್ಷತೆಯ ನಿಯಮ ಬೇರೆ ಇದೆ: ಸಾಮಾನ್ಯವಾಗಿ ಸರಕು ವಾಹನದ ಚಾಲಕರು ಕೆಲಸ ಶುರುವಾಗಿ 14 ಗಂಟೆ ಕಳೆದ ಮೇಲೆ ವಾಹನ ಓಡಿಸುವಂತಿಲ್ಲ, 7 ದಿನಗಳಲ್ಲಿ 60 ಗಂಟೆ ಅಥವಾ 8 ದಿನಗಳಲ್ಲಿ 70 ಗಂಟೆ ಕೆಲಸ ಮಾಡಿದ ಮೇಲೂ ಓಡಿಸುವಂತಿಲ್ಲ. ಇದು ಅಪಘಾತ ತಪ್ಪಿಸುವ ಮಿತಿ. ಮನೆಗೆ ಹೋಗಿ ಮಕ್ಕಳೊಡನೆ ಊಟ ಮಾಡುವ ಹೊತ್ತು ಉಳಿಯಬೇಕು ಎನ್ನುವವರಿಗೆ ಈ ಮಿತಿ ಬಹಳ ದೂರದ್ದು.

ಆ ಅಂತರವನ್ನು ತುಂಬುವುದು ಒಪ್ಪಂದ. ಅದರಲ್ಲಿ "9.5" ಎಂದೇ ಚಾಲಕರು ಕರೆಯುವ ನಿಯಮವೊಂದಿದೆ. ಅಧಿಕ ದುಡಿಮೆ ಬೇಡ ಎನ್ನುವ ಚಾಲಕರು ಒಂದು ಪಟ್ಟಿಗೆ ಹೆಸರು ಸೇರಿಸಬಹುದು. ಪಟ್ಟಿಯಲ್ಲಿರುವವರನ್ನು ಒಂದೇ ವಾರದಲ್ಲಿ ಯಾವುದೇ ಮೂರು ದಿನ 9.5 ಗಂಟೆಗಿಂತ ಹೆಚ್ಚು ದುಡಿಸಿದರೆ ಅವರು ಕುಂದುಕೊರತೆಯ ದೂರು ಸಲ್ಲಿಸಬಹುದು. ದೂರು ಸಾಬೀತಾದರೆ 9.5ನ್ನು ಮೀರಿದ ಗಂಟೆಗಳಿಗೆ ಮೂರು ಪಟ್ಟು ದರದಲ್ಲಿ ದಂಡ. ದೂರು ಮೊದಲು ಸಂಘದ ಸ್ಥಳೀಯ ಪ್ರತಿನಿಧಿಯ ಮೂಲಕ ಕೇಂದ್ರದ ವ್ಯವಸ್ಥಾಪಕರ ಮುಂದೆ ಹೋಗುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಕಂಪನಿಯ ಮತ್ತು ಸಂಘದ ಸಮಸಂಖ್ಯೆಯ ಪ್ರತಿನಿಧಿಗಳಿರುವ ಸಮಿತಿಗೆ ಹೋಗುತ್ತದೆ.

ಇಷ್ಟು ದೀರ್ಘ ದಿನಗಳು ಬರುವುದಾದರೂ ಏಕೆ? ಚಾಲಕರ ಬಳಿ ದಿನಕ್ಕೆ ನೂರಕ್ಕೂ ಹೆಚ್ಚು ನಿಲುಗಡೆಗಳಿರುತ್ತವೆ. ಯಾವ ಕ್ರಮದಲ್ಲಿ ಹೋಗಬೇಕು ಎಂಬುದನ್ನು ಓರಿಯನ್ ಎಂಬ ಗಣಕ ಕ್ರಮವಿಧಿ ಸೂಚಿಸುತ್ತದೆ. ಅದು ದಾರಿಯನ್ನು ಕಡಿಮೆ ಮಾಡಬಲ್ಲದು. ಆದರೆ ವಾಹನಕ್ಕೆ ಎಷ್ಟು ಪಾರ್ಸೆಲ್ ತುಂಬಬೇಕು ಎಂಬ ನಿರ್ಧಾರ ಮನುಷ್ಯರದು. ಹೊಸ ಚಾಲಕರನ್ನು ನೇಮಿಸಿಕೊಂಡರೆ ಆರೋಗ್ಯ ವಿಮೆ, ಪಿಂಚಣಿ, ತರಬೇತಿ ಎಲ್ಲಕ್ಕೂ ತಲೆಗೊಂದು ಖರ್ಚು. ಇರುವ ಚಾಲಕರಿಗೇ ಒಂದೂವರೆ ಪಟ್ಟು ಕೊಟ್ಟು ಇನ್ನೆರಡು ಗಂಟೆ ದುಡಿಸಿದರೆ ಆ ಖರ್ಚು ಹೆಚ್ಚುವುದಿಲ್ಲ. ಹೀಗಾಗಿ ಓವರ್‌ಟೈಮ್ ಆಕಸ್ಮಿಕವಾಗಿ ಬರುವಂಥದ್ದಲ್ಲ, ಎಷ್ಟೋ ಸಲ ಲೆಕ್ಕ ಹಾಕಿಯೇ ಬರುವಂಥದ್ದು.

ಇಷ್ಟನ್ನೂ ಮಕ್ಕಳಿಗೆ ಹೇಳಬೇಕಾಗಿಲ್ಲ. ಆದರೆ ಪ್ರಶ್ನೆಗಳು ಬಂದೇ ಬರುತ್ತವೆ, ಶಿಕ್ಷಕರು ಸಿದ್ಧರಿರಬೇಕು.

ತೊಡಗಿಸಿಕೊಳ್ಳುವಿಕೆ

ಕರಿಹಲಗೆಯ ಮೇಲೆ ಈ ಕೋಷ್ಟಕ ಬರೆದೆ. ಇದು ನಾಲ್ವರು ಚಾಲಕರು ಸೋಮವಾರದಿಂದ ಶುಕ್ರವಾರದವರೆಗೆ ದುಡಿದ ಗಂಟೆಗಳು. ಅಂಕಿಗಳು ಪಾಠಕ್ಕಾಗಿ ನಾನೇ ಕಟ್ಟಿದವು, ನಿಯಮ ಮಾತ್ರ ನಿಜವಾದದ್ದು ಎಂದು ಮೊದಲೇ ಹೇಳಿದೆ.

ಚಾಲಕ ಅ: 9.2, 9.4, 9.3, 9.4, 9.2
ಚಾಲಕ ಆ: 8.0, 11.0, 8.1, 11.2, 8.2
ಚಾಲಕ ಇ: 9.6, 9.6, 9.7, 8.8, 8.8
ಚಾಲಕ ಈ: 8.0, 8.0, 10.1, 10.2, 10.2

ಮೊದಲ ಪ್ರಶ್ನೆ: "9.5 ಗಂಟೆ ಅಂದರೆ ಎಷ್ಟು ಹೊತ್ತು?" ನಿರೀಕ್ಷಿಸಿದ ಹಾಗೆ "ಒಂಬತ್ತು ಗಂಟೆ ಐವತ್ತು ನಿಮಿಷ" ಎಂಬ ಉತ್ತರ ಹಲವು ಬೆಂಚುಗಳಿಂದ ಬಂತು. ದಶಮಾಂಶದ ಬಿಂದುವನ್ನು ಗಡಿಯಾರದ ಬಿಂದು ಎಂದು ಓದುವ ಈ ಅಭ್ಯಾಸಕ್ಕೆ ಇಲ್ಲಿಯೇ ಐದು ನಿಮಿಷ ಕೊಡುವುದು ಒಳ್ಳೆಯದು. ಒಂದು ಗಂಟೆಯ ಹತ್ತನೇ ಒಂದು ಭಾಗ 6 ನಿಮಿಷ, ಆದ್ದರಿಂದ 9.5 ಎಂದರೆ 9 ಗಂಟೆ 30 ನಿಮಿಷ, 9.6 ಎಂದರೆ 9 ಗಂಟೆ 36 ನಿಮಿಷ. "ಹಾಗಾದರೆ ಇಪ್ಪತ್ತು ನಿಮಿಷದ ದುಡ್ಡು ಹೋಗ್ತಿತ್ತಲ್ಲ ಮಿಸ್, ಐವತ್ತು ಅಂತ ಓದಿದ್ರೆ" ಎಂದು ಹಿಂದಿನ ಸಾಲಿನ ಹುಡುಗ ಹೇಳಿದ. ದಶಮಾಂಶವನ್ನು ಸರಿಯಾಗಿ ಓದಲು ಇದಕ್ಕಿಂತ ದೊಡ್ಡ ಕಾರಣ ನಾನು ಕೊಡಬೇಕಾಗಿರಲಿಲ್ಲ.

ಎರಡನೇ ಪ್ರಶ್ನೆ: "ನೋಡಿದ ಮಟ್ಟಿಗೆ ಯಾರಿಗೆ ಹೆಚ್ಚು ದಣಿವು?" ಇದಕ್ಕೆ ಲೆಕ್ಕ ಹಾಕಬಾರದು, ಕೈ ಎತ್ತಬೇಕು ಅಷ್ಟೇ. ಹೆಚ್ಚಿನ ಕೈಗಳು ಆ ಮತ್ತು ಈ ಚಾಲಕರಿಗೆ ಎದ್ದವು. ಈ ಅಂದಾಜನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ಅನ್ವೇಷಣೆ

ಗುಂಪುಗಳಿಗೆ ಮೂರು ಕೆಲಸ ಕೊಟ್ಟೆ: ಪ್ರತಿ ಚಾಲಕರ ಒಟ್ಟು ಗಂಟೆ ಮತ್ತು ಸರಾಸರಿ ಕಂಡುಹಿಡಿಯಿರಿ, ದಿನಕ್ಕೆ 8 ಗಂಟೆ ಮೀರಿದ್ದು ಎಷ್ಟು, ವಾರಕ್ಕೆ 40 ಗಂಟೆ ಮೀರಿದ್ದು ಎಷ್ಟು ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕಿರಿ, 9.5 ಮೀರಿದ ದಿನಗಳನ್ನು ಎಣಿಸಿರಿ.

ಮೊದಲ ಎರಡು ಕೆಲಸ ಮುಗಿದಾಗ ತರಗತಿಯಲ್ಲಿ ಗುಸುಗುಸು ಶುರುವಾಯಿತು. ಪಕ್ಕದ ಗುಂಪು ತಮ್ಮದನ್ನೇ ನಕಲು ಮಾಡಿದೆ ಎಂದು ಒಂದು ಗುಂಪಿನವರು ದೂರು ತಂದರು, ಏಕೆಂದರೆ ಎಲ್ಲರ ಉತ್ತರವೂ ಒಂದೇ. ಒಟ್ಟು ನಾಲ್ವರಿಗೂ 46.5 ಗಂಟೆ. ಸರಾಸರಿ ನಾಲ್ವರಿಗೂ 9.3. ವಾರದ 40 ಗಂಟೆಯನ್ನು ಮೀರಿದ್ದು ನಾಲ್ವರಿಗೂ 6.5. ಯಾವ ದಿನವೂ 8ಕ್ಕಿಂತ ಕಡಿಮೆ ಇಲ್ಲದ್ದರಿಂದ ದಿನದ 8 ಗಂಟೆಯನ್ನು ಮೀರಿದ್ದೂ ನಾಲ್ವರಿಗೂ 6.5. ಅಂದರೆ ಓವರ್‌ಟೈಮ್ ಅನ್ನು ದಿನದ ಲೆಕ್ಕದಲ್ಲಿ ಕೊಡಲಿ, ವಾರದ ಲೆಕ್ಕದಲ್ಲಿ ಕೊಡಲಿ, ನಾಲ್ವರ ಸಂಬಳದ ಚೀಟಿಯೂ ಒಂದೇ. "ಹಾಗಾದ್ರೆ ನಾಲ್ಕು ಜನರೂ ಒಂದೇ ಸಮ ಕೆಲಸ ಮಾಡಿದಾರೆ" ಎಂದು ಒಬ್ಬಳು ತೀರ್ಪು ಕೊಟ್ಟಳು. ಹಲಗೆಯ ಮೂಲೆಯಲ್ಲಿದ್ದ ಅಂದಾಜಿನ ಕಡೆಗೆ ಬೊಟ್ಟು ಮಾಡಿದೆ. ಕಣ್ಣಿಗೆ ಕಂಡ ವ್ಯತ್ಯಾಸ ಲೆಕ್ಕದಲ್ಲಿ ಎಲ್ಲಿ ಹೋಯಿತು?

ಮೂರನೇ ಕೆಲಸ ಅದನ್ನು ಹೊರಗೆ ತಂದಿತು. 9.5 ಮೀರಿದ ದಿನಗಳು ಅ ಚಾಲಕರಿಗೆ 0, ಆ ಚಾಲಕರಿಗೆ 2, ಇ ಮತ್ತು ಈ ಚಾಲಕರಿಗೆ 3. ನಿಯಮದ ಪ್ರಕಾರ ದೂರು ಕೊಡಬಲ್ಲವರು ಇ ಮತ್ತು ಈ ಇಬ್ಬರೇ. ಸರಾಸರಿಯನ್ನಷ್ಟೇ ನೋಡಿದ್ದರೆ 9.3 ಎಂಬುದು 9.5ಕ್ಕಿಂತ ಕಡಿಮೆ; ಯಾರಿಗೂ ದೂರು ಕೊಡುವ ಹಕ್ಕೇ ಬರುತ್ತಿರಲಿಲ್ಲ.

ವಿವರಣೆ

ಎರಡನೇ ಅವಧಿಯಲ್ಲಿ ಅಂಕಿ ಚೀಟಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಮಧ್ಯಾಂಕ ಕಂಡುಹಿಡಿಯಲು ಹೇಳಿದೆ. ಅ ಚಾಲಕರಿಗೆ 9.3, ಆ ಚಾಲಕರಿಗೆ 8.2, ಇ ಚಾಲಕರಿಗೆ 9.6, ಈ ಚಾಲಕರಿಗೆ 10.1. ದೂರು ಕೊಡಬಲ್ಲವರ ಹೆಸರಿಗೆ ಸುತ್ತು ಹಾಕಿ, ಈಗ ಏನಾದರೂ ಕಾಣುತ್ತಿದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ, ಸಾಮಾನ್ಯವಾಗಿ ಮಾತನಾಡದ ಒಬ್ಬ ಹುಡುಗಿ "ಸುತ್ತು ಹಾಕಿದವರದ್ದು ಮಾತ್ರ ಮಧ್ಯಾಂಕ ಒಂಬತ್ತೂವರೆ ದಾಟಿದೆ" ಎಂದಳು.

ಇದು ಕಾಕತಾಳೀಯವೋ, ಯಾವಾಗಲೂ ಹೀಗೆಯೋ? ಇಲ್ಲಿ ಆತುರಪಡಬಾರದು. ಗುಂಪುಗಳು ಮಧ್ಯಾಂಕ 9.5 ಮೀರಿಯೂ ಎರಡೇ ದಿನ ಮೀರಿರುವ ಒಂದು ವಾರವನ್ನು ಕಟ್ಟಲು ಪ್ರಯತ್ನಿಸಲಿ. ಯಾರಿಂದಲೂ ಆಗುವುದಿಲ್ಲ, ಏಕೆ ಆಗುವುದಿಲ್ಲ ಎಂಬುದೇ ಸಾಧನೆ. ಐದು ಬೆಲೆಗಳನ್ನು ಏರಿಕೆ ಕ್ರಮದಲ್ಲಿಟ್ಟರೆ ಮಧ್ಯಾಂಕ ಮೂರನೆಯದು. ಅದು 9.5 ಮೀರಿದರೆ ಅದರ ಮುಂದಿನ ಎರಡೂ ಮೀರಿರಲೇಬೇಕು. ಒಟ್ಟು ಮೂರು ದಿನ ಆಯಿತು. ತಿರುಗಿಸಿ ನೋಡಿದರೆ, ಮೂರು ದಿನ ಮೀರಿದ್ದರೆ ಆ ಮೂರರಲ್ಲಿ ಚಿಕ್ಕದು ಮೂರನೇ ಸ್ಥಾನದಲ್ಲಿ ಅಥವಾ ಅದಕ್ಕೂ ಮುಂಚೆ ಬರುತ್ತದೆ; ಆಗ ಮೂರನೇ ಬೆಲೆಯೂ 9.5 ಮೀರಿರಲೇಬೇಕು. ಐದು ದಿನದ ವಾರದಲ್ಲಿ "ಯಾವುದೇ ಮೂರು ದಿನ" ಎಂಬ ಒಪ್ಪಂದದ ಮಾತಿಗೆ ಗಣಿತದಲ್ಲಿ ಮಧ್ಯಾಂಕ ಎಂದೇ ಅರ್ಥ. ಅದನ್ನು ಬರೆದವರು ಮಧ್ಯಾಂಕದ ಹೆಸರೆತ್ತಿಲ್ಲ. "ಒಂದು ಕೆಟ್ಟ ದಿನವಲ್ಲ, ವಾರದ ಹೆಚ್ಚಿನ ದಿನಗಳೇ ಹೀಗೆ" ಎಂದು ತೋರಿಸುವ ಅಳತೆ ಅವರಿಗೆ ಬೇಕಾಗಿತ್ತು. ಮಧ್ಯಾಂಕ ತೋರಿಸುವುದೂ ಅದನ್ನೇ.

ಇಷ್ಟರಲ್ಲಿ ಮಧ್ಯಾಂಕವೇ ಒಳ್ಳೆಯದು, ಸರಾಸರಿ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಮಕ್ಕಳು ಹಾರುತ್ತಾರೆ. ಅದಕ್ಕೆ ಆ ಚಾಲಕರನ್ನು ಮತ್ತೆ ತೋರಿಸಬೇಕು. ನಾಲ್ವರಲ್ಲಿ ಅತಿ ಕಡಿಮೆ ಮಧ್ಯಾಂಕ ಅವರದು, 8.2. ಅತಿ ಉದ್ದದ ಎರಡು ದಿನಗಳೂ ಅವರದೇ, 11.0 ಮತ್ತು 11.2. 9.5ನ್ನು ಮೀರಿದ ಗಂಟೆಗಳನ್ನು ಕೂಡಿಸಿದರೆ ಆ ಚಾಲಕರಿಗೆ 1.5 ಮತ್ತು 1.7 ಸೇರಿ 3.2, ಈ ಚಾಲಕರಿಗೆ 0.6, 0.7, 0.7 ಸೇರಿ 2.0, ಇ ಚಾಲಕರಿಗೆ 0.1, 0.1, 0.2 ಸೇರಿ 0.4, ಅಂದರೆ ಬರೀ 24 ನಿಮಿಷ. 24 ನಿಮಿಷ ಮೀರಿದವರು ದೂರು ಕೊಡಬಹುದು, 3 ಗಂಟೆ 12 ನಿಮಿಷ ಮೀರಿದವರು ಕೊಡುವಂತಿಲ್ಲ.

"ಇದು ಅನ್ಯಾಯ ಮಿಸ್" ಎಂದು ಕೂಗು ಎದ್ದಿತು. ಅನ್ಯಾಯ ಎನ್ನುವವರು ಬೇರೆ ನಿಯಮ ಬರೆದುಕೊಡಿ ಎಂದೆ. "ಒಟ್ಟು ಮೀರಿದ್ದು 2 ಗಂಟೆ ದಾಟಿದರೆ ದೂರು" ಎಂದು ಒಂದು ಗುಂಪು ಬರೆಯಿತು. ಲೆಕ್ಕ ಹಾಕಿದರೆ ಆ ಚಾಲಕರು ಒಳಗೆ ಬಂದರು, ಸರಿಯಾಗಿ 2.0 ಇದ್ದ ಈ ಚಾಲಕರು ಹೊರಗುಳಿದರು. "ಯಾವುದೇ ಒಂದು ದಿನ 11 ಗಂಟೆ ದಾಟಿದರೆ" ಎಂದು ಇನ್ನೊಂದು ಗುಂಪು ಬರೆಯಿತು. ಆಗ ಆ ಚಾಲಕರು ಮಾತ್ರ ಉಳಿದರು. ಪ್ರತಿ ನಿಯಮಕ್ಕೂ ಯಾರೋ ಒಬ್ಬರು ಕಾಣುವುದಿಲ್ಲ. ಯಾರು ಕಾಣಬೇಕು ಎಂಬ ಪ್ರಶ್ನೆ ಗಣಿತದ್ದಲ್ಲ. ಆದರೆ ಯಾವ ನಿಯಮಕ್ಕೆ ಯಾರು ಕಾಣುತ್ತಾರೆ ಎಂದು ಮುಂಚಿತವಾಗಿ ಹೇಳಬಲ್ಲದ್ದು ಗಣಿತವೇ.

ವಿಸ್ತರಣೆ: ಆರನೇ ದಿನ

ಈ ಚಾಲಕರನ್ನು ಶನಿವಾರವೂ ಕರೆಸಿ 8.0 ಗಂಟೆ ದುಡಿಸಿದರು ಎಂದುಕೊಳ್ಳಿ. ಒಟ್ಟು 46.5ರಿಂದ 54.5ಕ್ಕೆ ಏರಿತು. ಸರಾಸರಿ? 54.5ನ್ನು 6ರಿಂದ ಭಾಗಿಸಿದರೆ ಸುಮಾರು 9.08, ಅಂದರೆ 9.3ರಿಂದ ಇಳಿಯಿತು. ಮಧ್ಯಾಂಕ? ಮೂರನೆಯ ಮತ್ತು ನಾಲ್ಕನೆಯ ಬೆಲೆಗಳಾದ 8.0 ಮತ್ತು 10.1ರ ಸರಾಸರಿ, 9.05, ಅದು 10.1ರಿಂದ ಇಳಿಯಿತು. ರಜೆ ಕಳೆದುಕೊಂಡು ಎಂಟು ಗಂಟೆ ಹೆಚ್ಚು ದುಡಿದವರು ಎರಡೂ ಅಳತೆಗಳಲ್ಲಿ ಮೊದಲಿಗಿಂತ ಆರಾಮವಾಗಿ ಇದ್ದ ಹಾಗೆ ಕಾಣುತ್ತಾರೆ! ಇಡೀ ಪಾಠದಲ್ಲಿ ಮಕ್ಕಳು ಅತಿ ಹೆಚ್ಚು ವಾದಿಸಿದ ಜಾಗ ಇದು. ಭಾಗಿಸುವ ಸಂಖ್ಯೆ 5ರಿಂದ 6 ಆದದ್ದೇ ಕಾರಣ ಎಂದು ಅವರೇ ಕಂಡುಕೊಂಡರು. ಎಣಿಕೆಯ ನಿಯಮ ಮಾತ್ರ ಅಲುಗಾಡಲಿಲ್ಲ: ಮೀರಿದ ದಿನಗಳು ಆಗಲೂ 3, ಈಗಲೂ 3. ಸಮಸಂಖ್ಯೆಯ ದತ್ತಾಂಶದಲ್ಲಿ ಮಧ್ಯಾಂಕವೂ "ಮೂರು ದಿನ" ಎಂಬ ಎಣಿಕೆಯೂ ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂಬುದಕ್ಕೂ ಇದೇ ಉದಾಹರಣೆ.

ಆರನೇ ದಿನದ ಮಾತು ಕಲ್ಪನೆಯಲ್ಲ. ವಾರದ ರಜೆಯ ದಿನ ಬಲವಂತವಾಗಿ ಕೆಲಸಕ್ಕೆ ಕರೆಯುವುದು ಯುಪಿಎಸ್ ಚಾಲಕರ ದೊಡ್ಡ ದೂರುಗಳಲ್ಲಿ ಒಂದಾಗಿತ್ತು. 2023ರಲ್ಲಿ ಹಳೆಯ ಒಪ್ಪಂದ ಜುಲೈ 31ಕ್ಕೆ ಮುಗಿಯುವುದಿತ್ತು. ಸದಸ್ಯರು ಶೇ. 97ರಷ್ಟು ಮತಗಳಿಂದ ಮುಷ್ಕರಕ್ಕೆ ಅನುಮತಿ ಕೊಟ್ಟಿದ್ದರು. ಜುಲೈ 25ರಂದು ಮಾತುಕತೆ ಫಲಿಸಿತು, ಆಗಸ್ಟ್‌ನಲ್ಲಿ ಶೇ. 86ಕ್ಕೂ ಹೆಚ್ಚು ಮತಗಳಿಂದ ಒಪ್ಪಿಗೆ ಸಿಕ್ಕಿತು. ರಜೆಯ ದಿನ ಚಾಲಕರನ್ನು ಬಲವಂತವಾಗಿ ಓವರ್‌ಟೈಮ್‌ಗೆ ಕರೆಯುವಂತಿಲ್ಲ ಎಂಬುದು ಹೊಸ ಒಪ್ಪಂದದಲ್ಲಿ ಸೇರಿತು. ಇದಕ್ಕೆ ಮುಂಚೆ 1997ರ ಆಗಸ್ಟ್‌ನಲ್ಲಿ ಸುಮಾರು 1,85,000 ನೌಕರರು 15 ದಿನ ಮುಷ್ಕರ ಹೂಡಿದ್ದರು. ಆಗಿನ ಮುಖ್ಯ ಬೇಡಿಕೆ ಅರೆಕಾಲಿಕ ಕೆಲಸಗಳನ್ನು ಪೂರ್ಣಾವಧಿ ಮಾಡಬೇಕೆಂಬುದು. ಅರೆಕಾಲಿಕ ಹುದ್ದೆಗಳನ್ನು ಕೂಡಿಸಿ 10,000 ಪೂರ್ಣಾವಧಿ ಹುದ್ದೆಗಳನ್ನು ಸೃಷ್ಟಿಸಲು ಕಂಪನಿ ಒಪ್ಪಿತು. ಒಂದು ಕಡೆ ಗಂಟೆ ಸಾಲದು ಎನ್ನುವವರು, ಇನ್ನೊಂದು ಕಡೆ ಗಂಟೆ ಹೆಚ್ಚಾಯಿತು ಎನ್ನುವವರು. ಅವರೆಲ್ಲರ ಗಂಟೆಗಳನ್ನು ಕೂಡಿಸಿ ಒಂದು ಸರಾಸರಿ ತೆಗೆದರೆ ಇಬ್ಬರ ಕಷ್ಟವೂ ಕಾಣುವುದಿಲ್ಲ ಎಂದು ಹೇಳಿದಾಗ ಮಕ್ಕಳಿಗೆ ಥಟ್ಟನೆ ಅರ್ಥವಾಯಿತು.

ನಮ್ಮಲ್ಲಿ ಹೇಗೆ ಎಂದು ಕೇಳದೆ ಅವರು ಬಿಡುವುದಿಲ್ಲ. 1948ರ ಕಾರ್ಖಾನೆಗಳ ಕಾಯ್ದೆ ವಯಸ್ಕ ಕಾರ್ಮಿಕರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಎರಡು ಮಿತಿಗಳನ್ನು ಒಟ್ಟಿಗೆ ಇಟ್ಟಿತ್ತು. ಮೀರಿದ್ದಕ್ಕೆ ಎರಡು ಪಟ್ಟು ಕೂಲಿ. ಒಂದೇ ಅಳತೆ ಸಾಲದು ಎಂಬುದಕ್ಕೆ ಇದು ನಮ್ಮ ಮನೆಯ ಉದಾಹರಣೆ. ಆ್ಯಪ್ ಮೂಲಕ ದುಡಿಯುವವರಿಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನು ಮಾಡಿದೆ. ಅದರಲ್ಲಿ ಕಲ್ಯಾಣ ಮಂಡಳಿ, ಪ್ರತಿ ವಹಿವಾಟಿನ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ದೂರು ಪರಿಹಾರದ ವ್ಯವಸ್ಥೆ ಇವೆ. ಇಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆಯನ್ನು ಹಾಗೆಯೇ ಬರೆಯುತ್ತೇನೆ: "ನಮ್ಮಣ್ಣ ಹೋಟ್ಲ್ ಮುಂದೆ ಆರ್ಡರ್‌ಗೆ ಕಾಯ್ತಾ ಕೂತಿರ್ತಾನಲ್ಲ, ಅದು ಗಂಟೆಗೆ ಬರತ್ತಾ ಮಿಸ್?" ದತ್ತಾಂಶ ಸಂಗ್ರಹಿಸುವ ಮುನ್ನ ಏನನ್ನು ಎಣಿಸುತ್ತೇವೆ ಎಂದು ನಿರ್ಧರಿಸಬೇಕು ಎಂಬ ಪಾಠವನ್ನು ಪುಸ್ತಕದ ಯಾವ ವಾಕ್ಯವೂ ಇಷ್ಟು ಚೆನ್ನಾಗಿ ಹೇಳಲಾರದು. ಕಾಯುವುದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ, ಎರಡು ಕೋಷ್ಟಕ ಮಾಡೋಣ ಎಂದು ತೀರ್ಮಾನಿಸಿದೆವು.

ಮೌಲ್ಯಮಾಪನ

ತರಗತಿಯ ಕೊನೆಗೆ ಮೂರು ಪ್ರಶ್ನೆ ಕೊಟ್ಟೆ.

1. ಒಬ್ಬ ಚಾಲಕರ ಐದು ದಿನದ ಸರಾಸರಿ 9.6. ಅವರು ದೂರು ಕೊಡಬಹುದು ಎಂದು ಖಚಿತವಾಗಿ ಹೇಳಬಹುದೇ? ಉದಾಹರಣೆ ಸಹಿತ ಉತ್ತರಿಸಿ. (8.0, 8.0, 8.0, 12.0, 12.0 ಎಂಬಂಥ ಒಂದು ವಾರ ಕಟ್ಟಿದರೆ ಸಾಕು: ಸರಾಸರಿ 9.6, ಮೀರಿದ ದಿನಗಳು ಎರಡೇ.)

2. ಈ ಚಾಲಕರ ಮೀರಿದ 2.0 ಗಂಟೆಗೆ ಮೂರು ಪಟ್ಟು ದರದಲ್ಲಿ ದಂಡ ಎಂದರೆ ಎಷ್ಟು ಗಂಟೆಯ ಮಾಮೂಲಿ ಕೂಲಿಗೆ ಸಮ? ಇ ಚಾಲಕರಿಗೆ ಎಷ್ಟು? (6 ಗಂಟೆ, 1.2 ಗಂಟೆ, ಅಂದರೆ 1 ಗಂಟೆ 12 ನಿಮಿಷ.)

3. 2018ರಲ್ಲಿ ಯುಪಿಎಸ್ ಒಪ್ಪಂದದ ಮೇಲೆ ನಡೆದ ಮತದಾನದಲ್ಲಿ ಅರ್ಹ ಸದಸ್ಯರಲ್ಲಿ ಸುಮಾರು ಶೇ. 44 ಮಂದಿ ಮತ ಹಾಕಿದರು. ಹಾಕಿದವರಲ್ಲಿ ಸುಮಾರು ಶೇ. 54 ಮಂದಿ ಒಪ್ಪಂದ ಬೇಡ ಎಂದರು. ಒಟ್ಟು ಅರ್ಹರಲ್ಲಿ ಬೇಡ ಎಂದವರು ಶೇಕಡಾ ಎಷ್ಟು? (ಸುಮಾರು 24.)

ಮೂರನೇ ಪ್ರಶ್ನೆಗೆ ಶಿಕ್ಷಕರು ತಿಳಿದಿರಬೇಕಾದ ಹಿನ್ನೆಲೆ: ಅರ್ಧಕ್ಕಿಂತ ಕಡಿಮೆ ಮಂದಿ ಮತ ಹಾಕಿದ್ದರೆ ತಿರಸ್ಕಾರಕ್ಕೆ ಮೂರನೇ ಎರಡರಷ್ಟು ಮತ ಬೇಕು ಎಂಬ ನಿಯಮ ಆಗ ಸಂಘದಲ್ಲಿತ್ತು. ಹಾಗಾಗಿ ಹೆಚ್ಚು ಮಂದಿ ಬೇಡ ಎಂದರೂ ಒಪ್ಪಂದ ಜಾರಿಗೆ ಬಂತು. ಆ ನಿಯಮವನ್ನು ಸಂಘ 2021ರಲ್ಲಿ ತೆಗೆದುಹಾಕಿತು. 54, 24 ಎರಡೂ ಸರಿಯಾದ ಶೇಕಡಾವಾರುಗಳೇ, ಛೇದ ಮಾತ್ರ ಬೇರೆ.

ಅವಲೋಕನ ಮತ್ತು ಸಲಹೆಗಳು

ಪಾಠ ವೀಕ್ಷಿಸಿದ ಮಾರ್ಗದರ್ಶಕರು ಕೇಳಿದ ಪ್ರಶ್ನೆ: ಇದು ಗಣಿತವೋ, ಸಮಾಜ ವಿಜ್ಞಾನವೋ? ನನ್ನ ಉತ್ತರ ಹೀಗಿದೆ. ದೂರು ಕೊಡುವುದು ಸರಿಯೋ ತಪ್ಪೋ ಎಂದು ನಾನು ಹೇಳಿಕೊಡಲಿಲ್ಲ. ತರಗತಿಯಲ್ಲಿ "ನಮ್ಮ ಮಾವ ಓ.ಟಿ. ಸಿಕ್ಕರೆ ಖುಷಿಪಡ್ತಾರೆ" ಎಂದವರೂ ಇದ್ದರು. ಒಪ್ಪಂದವೂ ಅದನ್ನು ಒಪ್ಪುತ್ತದೆ: ದುಡಿಮೆ ಬೇಕೆನ್ನುವವರು ಪಟ್ಟಿಗೆ ಹೆಸರು ಕೊಡಬೇಕಾಗಿಲ್ಲ. ಆದರೆ ಬೇಡ ಎನ್ನುವವರು ತಮ್ಮ ಮಾತನ್ನು ಸಾಬೀತು ಮಾಡಬೇಕಾದರೆ ಅವರ ಬಳಿ ದಿನವಾರು ಅಂಕಿ ಇರಬೇಕು. ವಾರದ ಮೊತ್ತ ಗೊತ್ತಿದ್ದರೆ ಸರಾಸರಿ ತೆಗೆಯಬಹುದು; ಸರಾಸರಿಯಿಂದ ದಿನಗಳನ್ನು ಮರಳಿ ಪಡೆಯಲಾಗದು. ದತ್ತಾಂಶವನ್ನು ಒಂದೇ ಸಂಖ್ಯೆಗೆ ಇಳಿಸಿದಾಗ ಏನು ಕಳೆದುಹೋಗುತ್ತದೆ ಎಂಬುದು ಶುದ್ಧ ಸಂಖ್ಯಾಶಾಸ್ತ್ರ.

ಈ ಪಾಠ ಮಾಡಬಯಸುವ ಗೆಳೆಯರಿಗೆ ನಾಲ್ಕು ಮಾತು. ಕೋಷ್ಟಕವನ್ನು ನೀವೇ ಕಟ್ಟುವುದಾದರೆ ಪ್ರತಿ ದಿನವೂ 8 ಗಂಟೆಗೆ ಕಡಿಮೆ ಇರದಂತೆ, ಎಲ್ಲ ಸಾಲುಗಳ ಮೊತ್ತ ಒಂದೇ ಇರುವಂತೆ ನೋಡಿಕೊಳ್ಳಿ; ಸಂಬಳ ಒಂದೇ, ದಣಿವು ಬೇರೆ ಎಂಬ ಅಚ್ಚರಿ ಅದರಿಂದಲೇ ಬರುತ್ತದೆ. ಕನಿಷ್ಠ ಒಂದು ಸಾಲು ನಿಯಮಕ್ಕೆ ಸಿಗದೆ ತಪ್ಪಿಸಿಕೊಳ್ಳುವ ಹಾಗಿರಲಿ. ಮನೆಯವರ ಸಂಬಳ, ಕಂಪನಿಯ ಹೆಸರು ಕೇಳಬೇಡಿ, ಗಂಟೆಗಳಷ್ಟೇ ಸಾಕು. ಅದನ್ನೂ ಹೇಳಲು ಇಷ್ಟವಿಲ್ಲದ ಮಗುವಿಗೆ ಕಲ್ಪಿತ ಕೋಷ್ಟಕ ಕೊಡಿ. ಕೊನೆಯದಾಗಿ, ಮನೆಗೆಲಸವಾಗಿ ಒಂದು ವಾರ ಮನೆಯಲ್ಲಿ ದುಡಿಯುವ ಒಬ್ಬರ ಗಂಟೆಗಳನ್ನು ದಿನವಾರು ಬರೆದುಕೊಂಡು ಬರಲು ಹೇಳಿ. ನನ್ನ ತರಗತಿಯಲ್ಲಿ ಹಲವರು ಬರೆದು ತಂದದ್ದು ಅಮ್ಮನ ಗಂಟೆಗಳು. ಆ ಕೋಷ್ಟಕಗಳಲ್ಲಿ ದಿನಗಳು ಐದಲ್ಲ, ಆರೂ ಅಲ್ಲ, ಏಳು. ಮುಂದಿನ ಪಾಠವನ್ನು ಆ ಏಳು ಸಂಖ್ಯೆಗಳಿಂದಲೇ ಆರಂಭಿಸಿದೆ.